ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯ

ಮಕ್ಕಳಿಲ್ಲದ ಮನೆಯ ದುಃಖವೆಂತಹುದೆಂದು ನೊಣವಿನಕೆರೆಯ ಸುತ್ತುಮುತ್ತಿನ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ನಮಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಮದುವೆಯಾಗಿ ನಾಲ್ಕಾರು ವರ್ಷ ಕಳೆದರೂ ಮಡಿಲು ತುಂಬದ ಹೆಣ್ಣುಮಗಳು ಹರಕೆ ಹೊರುತ್ತಾಳೆ, ನಾಗರಕಲ್ಲಿಗೆ ಹಾಲೆರೆಯುತ್ತಾಳೆ, ನೆರೆಹೊರೆಯವರ ಮಾತಿಗೆ ಅಂಜಿ ಮನೆಯ ಮೂಲೆ ಸೇರುತ್ತಾಳೆ. ಶುಭಕಾರ್ಯಗಳಲ್ಲಿ ಆಕೆಯನ್ನು ಹಿಂದಕ್ಕೆ ಸರಿಸುವವರೂ ಉಂಟು. ಇಂತಹ ದುಃಖಕ್ಕೆ ಪ್ರಯೋಗಶಾಲೆಯಲ್ಲಿ ಪರಿಹಾರವನ್ನು ಕಂಡುಹಿಡಿದು, ಅದನ್ನು ಲೋಕವು ನಂಬುವುದಕ್ಕೆ ಮೊದಲೇ ಕಣ್ಮರೆಯಾದ ಭಾರತೀಯ ವಿಜ್ಞಾನಿಯೊಬ್ಬರ ಜೀವನವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

ಸುಭಾಷ್ ಮುಖೋಪಾಧ್ಯಾಯರು 1931ನೆಯ ಇಸವಿ ಜನವರಿ 16ರಂದು ಹಜಾರಿಬಾಗ್ ಎಂಬ ಊರಿನಲ್ಲಿ ಜನಿಸಿದರು. ಬಹುಕಾಲ ಬಿಹಾರಕ್ಕೆ ಸೇರಿದ್ದ ಆ ಊರು ಈಗ ಜಾರ್ಖಂಡ್ ರಾಜ್ಯದಲ್ಲಿದೆ. ಕಲ್ಕತ್ತೆಯ ನ್ಯಾಷನಲ್ ಮೆಡಿಕಲ್ ಕಾಲೇಜಿನಲ್ಲಿ ಓದಿ 1955ರಲ್ಲಿ ವೈದ್ಯ ಪದವಿಯನ್ನು ಪಡೆದರು. ಸಾಮಾನ್ಯವಾಗಿ ಆ ಪದವಿ ಕೈಗೆ ಬಂದೊಡನೆ ಔಷಧಾಲಯ ತೆರೆದು ಹಣ ಗಳಿಸುವುದು ವಾಡಿಕೆ. ಇವರ ಮನಸ್ಸು ಆ ಕಡೆ ಹರಿಯಲಿಲ್ಲ. ಸಂತಾನೋತ್ಪತ್ತಿಯ ಶರೀರಶಾಸ್ತ್ರದಲ್ಲಿ ಸಂಶೋಧನೆ ನಡೆಸಿ 1958ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಡಾಕ್ಟರೇಟನ್ನು ಪಡೆದರು. ಅಷ್ಟಕ್ಕೆ ತೃಪ್ತರಾಗದೆ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೋಗಿ, ಹಾರ್ಮೋನುಗಳ ವಿಷಯದಲ್ಲಿ ವ್ಯಾಸಂಗ ಮಾಡಿ, 1967ರಲ್ಲಿ ಎರಡನೆಯ ಡಾಕ್ಟರೇಟಿನೊಡನೆ ಸ್ವದೇಶಕ್ಕೆ ಹಿಂದಿರುಗಿದರು. ಬಂದವರು ಕಲ್ಕತ್ತೆಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕರಾದರು. ಪಾಠ ಹೇಳುತ್ತಲೇ ಸಂಶೋಧನೆಯನ್ನೂ ಮುಂದುವರಿಸಿದರು.

ಅವರ ಸಂಶೋಧನೆಯನ್ನು ಅರಿಯಲು ಒಂದೆರಡು ಸಂಗತಿಗಳನ್ನು ತಿಳಿದಿರಬೇಕು. ಹೆಣ್ಣಿನ ಅಂಡಾಶಯದಲ್ಲಿ ಸಾಮಾನ್ಯವಾಗಿ ತಿಂಗಳಿಗೊಂದು ಅಂಡಾಣು ಪಕ್ವವಾಗಿ ಹೊರಬರುತ್ತದೆ. ಅದು ಗರ್ಭನಾಳದಲ್ಲಿ ವೀರ್ಯಾಣುವಿನೊಡನೆ ಕೂಡಿ, ಭ್ರೂಣವಾಗಿ, ಗರ್ಭಾಶಯದ ಗೋಡೆಯಲ್ಲಿ ನೆಲೆಯೂರುತ್ತದೆ. ಆ ನಾಳವು ಕೆಟ್ಟು ಮುಚ್ಚಿಹೋಗಿದ್ದರೆ ಅಂಡಾಣು ವೀರ್ಯಾಣುಗಳ ಭೇಟಿಯೇ ಆಗದು. ಆಗ ಅಂಡಾಣುವನ್ನು ಹೊರತೆಗೆದು, ಗಾಜಿನ ಪಾತ್ರೆಯಲ್ಲಿ ಫಲಗೊಳಿಸಿ, ಭ್ರೂಣವನ್ನು ಮರಳಿ ಗರ್ಭಾಶಯದಲ್ಲಿಡುವುದು ಒಂದು ಉಪಾಯ. ಇದನ್ನೇ ಜನರು ಪ್ರನಾಳ ಶಿಶುವಿನ ವಿಧಾನವೆಂದು ಕರೆಯುವರು. ಇಂಗ್ಲೆಂಡಿನಲ್ಲಿ ಎಡ್ವರ್ಡ್ಸ್ ಮತ್ತು ಸ್ಟೆಪ್ಟೋ ಎಂಬವರು ಹೀಗೆ ಮಾಡಿ ಗೆದ್ದರು. ಲೂಯಿಸ್ ಬ್ರೌನ್ ಎಂಬ ಹೆಣ್ಣುಮಗು 1978ರ ಜುಲೈ 25ರಂದು ಹುಟ್ಟಿತು. ಆದರೆ ಅವರು ನಂಬಿದ್ದುದು ತಿಂಗಳಿಗೆ ತಾನಾಗಿ ಪಕ್ವವಾಗುವ ಒಂದೇ ಒಂದು ಅಂಡಾಣುವನ್ನು. ಅದೊಂದು ತಪ್ಪಿದರೆ ಮತ್ತೆ ಮುಂದಿನ ತಿಂಗಳೇ ಗತಿ.

ಕಲ್ಕತ್ತೆಯಲ್ಲಿ ಸುಭಾಷರು ಬೇರೆ ದಾರಿಯನ್ನು ಹಿಡಿದಿದ್ದರು. ಮೊದಲನೆಯದಾಗಿ, ಹಾರ್ಮೋನಿನ ಚುಚ್ಚುಮದ್ದನ್ನು ಕೊಟ್ಟು ಒಂದೇ ಬಾರಿಗೆ ಹಲವು ಅಂಡಾಣುಗಳು ಪಕ್ವವಾಗುವಂತೆ ಮಾಡಿದರು. ಎರಡನೆಯದಾಗಿ, ಹೊಟ್ಟೆಯ ಮೂಲಕವಲ್ಲದೆ ಯೋನಿಮಾರ್ಗದಿಂದಲೇ ಅವನ್ನು ಹೊರತೆಗೆದರು. ಮೂರನೆಯದು ಎಲ್ಲಕ್ಕಿಂತಲೂ ದಿಟ್ಟತನದ್ದು. ಹಾರ್ಮೋನು ಕೊಟ್ಟ ತಿಂಗಳಲ್ಲಿ ಗರ್ಭಾಶಯವು ಭ್ರೂಣವನ್ನು ಸ್ವೀಕರಿಸಲು ಹದವಾಗಿರದೆಂದು ಯೋಚಿಸಿ, ಭ್ರೂಣವನ್ನು 53 ದಿನಗಳ ಕಾಲ ಅತಿಶೀತದಲ್ಲಿ ಕಾಪಾಡಿ, ದೇಹವು ಸಹಜಸ್ಥಿತಿಗೆ ಬಂದ ಮೇಲೆ ಗರ್ಭಾಶಯದಲ್ಲಿರಿಸಿದರು. ತೆಂಗಿನ ಸೀಮೆಯವರಾದ ನಮಗೆ ಈ ತಾಳ್ಮೆಯ ಬೆಲೆ ಗೊತ್ತು. ಉಂಡೆ ಕೊಬ್ಬರಿ ಬೇಕೆನ್ನುವವನು ಕಾಯಿಯನ್ನು ಇಳಿಸಿದೊಡನೆ ಒಡೆಯುವುದಿಲ್ಲ. ಅಟ್ಟದ ಮೇಲಿರಿಸಿ, ಒಳಗಿನ ನೀರು ತಾನಾಗಿ ಬತ್ತುವವರೆಗೆ ತಿಂಗಳುಗಟ್ಟಲೆ ಕಾಯುತ್ತಾನೆ. ಈ ಕಾರ್ಯದಲ್ಲಿ ಸುಭಾಷರಿಗೆ ಶೈತ್ಯವಿಜ್ಞಾನವನ್ನು ಬಲ್ಲ ಸುನೀತ್ ಮುಖರ್ಜಿಯವರೂ ಸ್ತ್ರೀರೋಗತಜ್ಞರಾದ ಸರೋಜ್ ಕಾಂತಿ ಭಟ್ಟಾಚಾರ್ಯರೂ ನೆರವಾದರು.

1978ರ ಅಕ್ಟೋಬರ್ 3ರಂದು, ಇಂಗ್ಲೆಂಡಿನ ಶಿಶು ಹುಟ್ಟಿದ 70 ದಿನಗಳ ತರುವಾಯ, ಕಲ್ಕತ್ತೆಯಲ್ಲಿ ಹೆಣ್ಣುಮಗುವೊಂದು ಜನಿಸಿತು. ನವರಾತ್ರಿಯ ಆ ದಿನಗಳಿಗೆ ತಕ್ಕಂತೆ ಅದನ್ನು ದುರ್ಗಾ ಎಂಬ ಹೆಸರಿನಿಂದ ಕರೆದರು. ದೇಶಕ್ಕೆ ಇದು ಹೆಮ್ಮೆಯ ದಿನವಾಗಬೇಕಾಗಿತ್ತು. ಆದುದು ಬೇರೆ. ಮಗುವಿನ ತಂದೆತಾಯಿಗಳು ಸಂಪ್ರದಾಯಸ್ಥರು. ಜನಾಪವಾದಕ್ಕೆ ಹೆದರಿ ವಿಷಯವನ್ನು ಬಹಿರಂಗಪಡಿಸಲು ಒಪ್ಪಲಿಲ್ಲ. ಅವರಿಗೆ ಕೊಟ್ಟ ಮಾತನ್ನು ಮೀರಿ ಮಗುವನ್ನು ಸಾಕ್ಷಿಯಾಗಿ ಮುಂದೆ ನಿಲ್ಲಿಸಲು ವೈದ್ಯರಿಗೂ ಮನಸ್ಸು ಬರಲಿಲ್ಲ. ಪಶ್ಚಿಮ ಬಂಗಾಳದ ಸರ್ಕಾರವು ಅದೇ ವರ್ಷದ ನವೆಂಬರಿನಲ್ಲಿ ವಿಚಾರಣಾ ಸಮಿತಿಯೊಂದನ್ನು ನೇಮಿಸಿತು. ಅದರ ಅಧ್ಯಕ್ಷರು ರೇಡಿಯೊ ಭೌತಶಾಸ್ತ್ರದವರು; ಭ್ರೂಣವನ್ನು ಶೀತದಲ್ಲಿ ಕಾಪಾಡುವ ಕೆಲಸದಲ್ಲಿ ಅನುಭವವುಳ್ಳವರು ಸಮಿತಿಯಲ್ಲಿರಲಿಲ್ಲ. ಸುಭಾಷರು ಹೇಳಿದುದೆಲ್ಲ ನಂಬಲರ್ಹವಲ್ಲವೆಂದು ಅದು ತೀರ್ಪಿತ್ತಿತು.

ಅಂದಿನಿಂದ ಅವರಿಗೆ ಕಷ್ಟಗಳು ಒಂದರ ಮೇಲೊಂದರಂತೆ ಬಂದವು. 1979ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದಿಂದ ಉಪನ್ಯಾಸಕ್ಕೆ ಆಹ್ವಾನ ಬಂದಿತು. ಹೋಗಲು ಸರ್ಕಾರದ ಅನುಮತಿ ದೊರೆಯಲಿಲ್ಲ. ಮುಂದೆ 1981ರಲ್ಲಿ ಅವರನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಯೊಂದಕ್ಕೆ ವರ್ಗ ಮಾಡಿದರು. ಜೀವಮಾನವನ್ನೆಲ್ಲ ಹಾರ್ಮೋನುಗಳ ಅಧ್ಯಯನಕ್ಕೆ ಮೀಸಲಿಟ್ಟವರಿಗೆ ಅಲ್ಲಿ ಮಾಡುವ ಕೆಲಸವೇನಿತ್ತು? ದೇಹವೂ ಅಷ್ಟುಹೊತ್ತಿಗೆ ಬಳಲಿತ್ತು. ಆ ವರ್ಷದ ಜೂನ್ 19ರಂದು ಅವರು ತಮ್ಮ ಜೀವನವನ್ನು ತಾವೇ ಕೊನೆಗಾಣಿಸಿಕೊಂಡರು. ಆಗ ಅವರಿಗೆ ಐವತ್ತು ವರ್ಷ ವಯಸ್ಸು. ಪತ್ನಿ ನಮಿತಾ ಅವರು ಒಂಟಿಯಾದರು.

ಲೋಕವು ಅವರನ್ನು ಮರೆಯಿತು. ಆದರೆ ಅವರು ಹಾಕಿದ ದಾರಿಗೆ ಲೋಕವೇ ಒಂದೊಂದಾಗಿ ಬಂದು ಸೇರಿತು. ಹಾರ್ಮೋನಿನ ಚುಚ್ಚುಮದ್ದಿನ ಕ್ರಮವನ್ನು ಅನುಸರಿಸಿ ಅಮೆರಿಕದಲ್ಲಿ 1981ರ ಕೊನೆಯಲ್ಲಿ ಮಗು ಹುಟ್ಟಿತು. ಶೀತದಲ್ಲಿ ಕಾಪಾಡಿದ ಭ್ರೂಣದಿಂದ ಆಸ್ಟ್ರೇಲಿಯದಲ್ಲಿ 1984ರಲ್ಲಿ ಮಗು ಹುಟ್ಟಿತು; ಅದನ್ನೇ ಪ್ರಪಂಚದಲ್ಲಿ ಮೊದಲನೆಯದೆಂದು ಎಣಿಸಿದರು. ಭಾರತದಲ್ಲಿ ಮುಂಬಯಿಯ ವಿಜ್ಞಾನಿ ಟಿ. ಸಿ. ಆನಂದ ಕುಮಾರರೂ ವೈದ್ಯೆ ಇಂದಿರಾ ಹಿಂದುಜಾ ಅವರೂ ನಡೆಸಿದ ಪ್ರಯೋಗದ ಫಲವಾಗಿ 1986ರ ಆಗಸ್ಟ್ 6ರಂದು ಹರ್ಷಾ ಎಂಬ ಮಗು ಜನಿಸಿತು. ದೇಶದ ಪ್ರಥಮ ಪ್ರನಾಳ ಶಿಶುವೆಂಬ ಕೀರ್ತಿ ಆ ಮಗುವಿಗೆ ಬಂದಿತು.

ಇಲ್ಲಿಂದ ಕಥೆಯು ನಮ್ಮ ನಾಡಿಗೆ ತಿರುಗುತ್ತದೆ. ಆನಂದ ಕುಮಾರರು ಮುಂದೆ ಬೆಂಗಳೂರಿನಲ್ಲಿ ನೆಲೆಸಿ, ಅಲ್ಲಿಯೇ ಚಿಕಿತ್ಸಾಲಯವನ್ನು ನಡೆಸುತ್ತಿದ್ದರು. 1997ರಲ್ಲಿ ಕಲ್ಕತ್ತೆಗೆ ಹೋದಾಗ ಸುಭಾಷರ ಕೈಬರಹದ ಟಿಪ್ಪಣಿಗಳು ಅವರಿಗೆ ದೊರೆತವು. ಅವನ್ನು ಸಾಲುಸಾಲಾಗಿ ಪರೀಕ್ಷಿಸಿದರು. ದುರ್ಗಾಳ ತಂದೆತಾಯಿಗಳೊಡನೆ ಮಾತನಾಡಿದರು. ಪ್ರಯೋಗವು ನಿಜವೆಂಬುದು ಅವರಿಗೆ ಮನದಟ್ಟಾಯಿತು. ಹಾಗೆಂದು ಒಪ್ಪಿದರೆ ಪ್ರಥಮನೆಂಬ ತಮ್ಮ ಕೀರ್ತಿಯೇ ಹೋಗುವುದೆಂದು ಅವರಿಗೆ ತಿಳಿಯದಿರಲಿಲ್ಲ. ಆದರೂ ಬೆಂಗಳೂರಿನಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅದೇ ವರ್ಷ ಲೇಖನವನ್ನು ಬರೆದು, ಆ ಗೌರವವು ಸುಭಾಷರಿಗೆ ಸಲ್ಲತಕ್ಕದ್ದೆಂದು ಸಾರಿದರು. ಹತ್ತೊಂಬತ್ತು ವರ್ಷ ಮುಚ್ಚಿದ್ದ ಬಾಗಿಲು ಹೀಗೆ ತೆರೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2005ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ದುರ್ಗಾಳೇ ದೇಶದ ಮೊದಲ ಪ್ರನಾಳ ಶಿಶುವೆಂದು ಬರೆಯಲಾಯಿತು. ಆನಂದ ಕುಮಾರರು 2010ರಲ್ಲಿ ತೀರಿಕೊಂಡರು. ಎಡ್ವರ್ಡ್ಸ್ ಅವರಿಗೆ ನೊಬೆಲ್ ಬಹುಮಾನ ಬಂದುದೂ ಅದೇ ವರ್ಷವೇ.

ಹಲವು ಅಂಡಾಣುಗಳನ್ನು ಪಕ್ವಗೊಳಿಸುವುದು, ಯೋನಿಮಾರ್ಗದಿಂದ ಅವನ್ನು ತೆಗೆಯುವುದು, ಭ್ರೂಣವನ್ನು ಶೀತದಲ್ಲಿ ಕಾಪಾಡುವುದು ಈ ಮೂರೂ ಇಂದು ಜಗತ್ತಿನ ಎಲ್ಲೆಡೆಯೂ ವಾಡಿಕೆಯ ಕ್ರಮಗಳಾಗಿವೆ. ಮಗುವನ್ನೆತ್ತಿಕೊಂಡು ಮನೆಗೆ ಬರುವ ತಾಯಂದಿರಲ್ಲಿ ಸುಭಾಷರ ಹೆಸರನ್ನು ಕೇಳಿದವರು ವಿರಳ. ಅವರ ಸತ್ಯವನ್ನು ಸಮಿತಿಯು ಉಳಿಸಲಿಲ್ಲ. ಉಳಿಸಿದ್ದು ದಿನದಿನವೂ ತಪ್ಪದೆ ಬರೆದಿಟ್ಟ ಟಿಪ್ಪಣಿಗಳು, ಮತ್ತು ಅವನ್ನು ಓದಿ ತನ್ನ ಪೀಠದಿಂದ ತಾನೇ ಇಳಿದ ಮತ್ತೊಬ್ಬ ವಿದ್ವಾಂಸನ ಪ್ರಾಮಾಣಿಕತೆ. ವಿದ್ಯಾರ್ಥಿಗಳಾದ ನಾವು ಮೊದಲನೆಯದನ್ನು ಈಗಲೇ ಅಭ್ಯಾಸ ಮಾಡಬಹುದು. ಎರಡನೆಯದು ಬೇಕಾಗುವ ದಿನ ಬಂದಾಗ ಹಿಂಜರಿಯದಿರುವಷ್ಟು ಧೈರ್ಯ ನಮ್ಮಲ್ಲಿರಲಿ.