ರಜೆಗೆ ಬಂದು ಉಳಿದುಬಿಟ್ಟವರು: ಡಾ. ಹೋಮಿ ಭಾಭಾ



ರಜೆಗೆ ಊರಿಗೆ ಹೋದಾಗಲೆಲ್ಲ, ಇಲ್ಲಿಗೇ ವಾಪಸ್ ಬಂದುಬಿಡಬಾರದೇ ಎಂದು ಮನೆಯ ಹಿರಿಯರು ಕೇಳುವುದು ನಮಗ್ಯಾರಿಗೂ ಹೊಸತಲ್ಲ. ಹಾಗೆ ರಜೆಗೆಂದು ಬಂದ ಒಬ್ಬ ವಿಜ್ಞಾನಿ ಹಿಂತಿರುಗಲಾಗದೆ ಉಳಿದರು. ಮುಂದೆ ಭಾರತದ ಅಣುವಿದ್ಯುತ್ತಿಗೆ ಅಡಿಪಾಯ ಹಾಕಿದರು. ಅವರು ಉಳಿದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ನಮಗೆ ಹೆಮ್ಮೆಯ ವಿಷಯ!

ಹೋಮಿ ಜಹಾಂಗೀರ್ ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಸ್ಥಿತಿವಂತ ಪಾರ್ಸಿ ಮನೆತನದಲ್ಲಿ. ಮಗ ಎಂಜಿನಿಯರ್ ಆಗಿ ಜಮ್ಶೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ತಂದೆಯ ಆಸೆ. 1927ರಲ್ಲಿ ಕೇಂಬ್ರಿಡ್ಜ್‌ಗೆ ಹೋದ ಹುಡುಗನ ಮನಸ್ಸು ಭೌತಶಾಸ್ತ್ರಕ್ಕೆ ಒಲಿಯಿತು. ಎಂಜಿನಿಯರಿಂಗ್ ಮುಗಿಸಿ, ತಂದೆಯನ್ನು ಒಪ್ಪಿಸಿ, ಕಾಸ್ಮಿಕ್ ಕಿರಣಗಳ ಸಂಶೋಧನೆಯಲ್ಲಿ ಹೆಸರು ಮಾಡಿದರು.

1939ರಲ್ಲಿ ಅವರು ರಜೆಗೆ ಬಂದಿದ್ದಾಗ ಎರಡನೇ ಮಹಾಯುದ್ಧ ಶುರುವಾಯಿತು. ಆಗ ಆಸರೆಯಾದದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ ಸರ್ ಸಿ. ವಿ. ರಾಮನ್ ಇದ್ದರು. ಯುದ್ಧ ಮುಗಿದ ಮೇಲೆ ಮರಳಿ ಹೋಗಬೇಕೆಂಬ ಆಸೆ ಆ ವರ್ಷಗಳಲ್ಲಿ ಕರಗಿತು. ಇಲ್ಲಿಯೇ ಒಳ್ಳೆಯ ಸಂಸ್ಥೆ ಕಟ್ಟಬೇಕೆಂದು 1944ರ ಮಾರ್ಚ್‌ನಲ್ಲಿ ಟಾಟಾ ಟ್ರಸ್ಟ್‌ಗೆ ಪತ್ರ ಬರೆದರು. ಅಣುಶಕ್ತಿಯಿಂದ ವಿದ್ಯುತ್ ತೆಗೆಯುವ ದಿನ ಬಂದಾಗ ತಜ್ಞರಿಗಾಗಿ ಹೊರದೇಶದ ಕಡೆ ನೋಡುವಂತಾಗಬಾರದು ಎಂಬುದು ಅದರ ಸಾರ. ಹಿರೋಶಿಮಾ ಘಟನೆಗಿಂತ ಒಂದು ವರ್ಷಕ್ಕೂ ಮೊದಲಿನ ಮಾತಿದು! 1945ರಲ್ಲಿ ಟಿ.ಐ.ಎಫ್.ಆರ್. ಬೆಂಗಳೂರಿನಲ್ಲೇ ಆರಂಭವಾಗಿ, ಅದೇ ವರ್ಷ ಮುಂಬಯಿಗೆ ಹೋಯಿತು.

1948ರಲ್ಲಿ ಅಣುಶಕ್ತಿ ಆಯೋಗದ ಮೊದಲ ಅಧ್ಯಕ್ಷರಾದ ಭಾಭಾ ಮೂರು ಹಂತದ ಯೋಜನೆ ಹಾಕಿದರು. ಮೊದಲು ನೈಸರ್ಗಿಕ ಯುರೇನಿಯಂ ಮತ್ತು ಭಾರಜಲದ ಸ್ಥಾವರಗಳು. ಅವುಗಳ ಉರಿದ ಇಂಧನದಿಂದ ಸಿಗುವ ಪ್ಲುಟೋನಿಯಂ ಎರಡನೇ ಹಂತಕ್ಕೆ. ಕೊನೆಗೆ, ನಮ್ಮ ಕಡಲತೀರದ ಮರಳಿನಲ್ಲಿ ಹೇರಳವಾಗಿರುವ ಥೋರಿಯಂ. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಚಾಲೂ ಆಯಿತು. ಅದಕ್ಕೆ ದುಡಿದವರಲ್ಲಿ ನಮ್ಮ ತುಮಕೂರು ಜಿಲ್ಲೆಯ ರಾಜಾ ರಾಮಣ್ಣ ಕೂಡ ಒಬ್ಬರು. ಮರುವರ್ಷವೇ ಎಳೆಯ ಎಂಜಿನಿಯರುಗಳಿಗಾಗಿ ತರಬೇತಿ ಶಾಲೆ ತೆರೆಯಿತು.

ದೇಶದ ಮೊದಲ ಅಣುವಿದ್ಯುತ್ ಸ್ಥಾವರ ತಾರಾಪುರ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಕಟ್ಟಿಕೊಟ್ಟ ಅದು 1969ರಲ್ಲಿ ವಿದ್ಯುತ್ ಕೊಡತೊಡಗಿತು. ಆದರೆ ಅದನ್ನು ನೋಡಲು ಭಾಭಾ ಇರಲಿಲ್ಲ. 1966ರ ಜನವರಿ 24ರಂದು ವಿಯೆನ್ನಾದ ಸಭೆಗೆ ಹೊರಟಿದ್ದ ಅವರ ಏರ್ ಇಂಡಿಯಾ ವಿಮಾನ ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ಆಗ ಅವರಿಗೆ 56 ವರ್ಷ. ಮದುವೆಯಾಗಿರಲಿಲ್ಲ. ಚಿತ್ರ ಬರೆಯುತ್ತಿದ್ದರು, ಸಂಗೀತವೆಂದರೆ ಪ್ರಾಣ.

1974ರ ಪೋಖ್ರಾನ್ ಪರೀಕ್ಷೆಯ ನಂತರ ಕೆನಡಾ ತನ್ನ ನೆರವು ನಿಲ್ಲಿಸಿತು. ರಾಜಸ್ಥಾನದ ಎರಡನೇ ಘಟಕ ಅರ್ಧಕ್ಕೆ ನಿಂತಾಗ ಅದನ್ನು ಮುಗಿಸಿದವರು ನಮ್ಮ ಎಂಜಿನಿಯರುಗಳೇ. ಯಂತ್ರಕ್ಕಿಂತ ಮೊದಲು ಜನರನ್ನು ತಯಾರು ಮಾಡಿದ ಭಾಭಾರ ದೂರದೃಷ್ಟಿ ಅಂದು ಫಲ ಕೊಟ್ಟಿತು.

ಅವರು ಕಂಡ ಕನಸೆಲ್ಲ ನನಸಾಗಿದೆ ಎಂದು ನಾವು ಹೇಳುವುದಿಲ್ಲ. ಥೋರಿಯಂ ಹಂತ ಇನ್ನೂ ಬಂದಿಲ್ಲ. ಉತ್ತರ ಕನ್ನಡದ ಕೈಗಾದಲ್ಲಿ ಕಾಡು, ಕಾಳಿ ನದಿಯ ಬಗ್ಗೆ ಜನ ಕಳವಳಪಟ್ಟರು. 1994ರಲ್ಲಿ, ಕಟ್ಟುತ್ತಿದ್ದಾಗಲೇ ಒಂದು ಘಟಕದ ಗುಮ್ಮಟದ ಭಾಗ ಕುಸಿಯಿತು. ಅದನ್ನು ಸರಿಪಡಿಸಿ ನಡೆಸಿದ ಅದೇ ಒಂದನೇ ಘಟಕ, 2018ರ ಡಿಸೆಂಬರ್‌ವರೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಭಾಭಾರ ಮೊದಲ ಹಂತದ ಸ್ಥಾವರವೇ ಅದು.

ಮುಂದಿನ ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಟಾಟಾ ಇನ್‌ಸ್ಟಿಟ್ಯೂಟ್ ಮುಂದೆ ಹಾದರೆ, ಮಕ್ಕಳಿಗೆ ಈ ಕಥೆ ಹೇಳಿ. ಊರಿಗೆ ಮರಳುವುದೋ ಬಿಡುವುದೋ, ಅದು ಅವರವರ ಮನೆಯ ಮಾತು. ಆದರೆ ಆಕಸ್ಮಿಕವಾಗಿ ಉಳಿದ ಒಬ್ಬರು ಎಷ್ಟು ಮಾಡಬಹುದೆಂದು ನಮ್ಮ ಮಕ್ಕಳಿಗೆ ತಿಳಿದಿರಲಿ.