ಹಿಮಯುಗದ ಕಡಲನ್ನು ಅರಸಿದ ಜೇಮ್ಸ್ ಕ್ರಾಲ್

ಜೇಮ್ಸ್ ಕ್ರಾಲ್ 1821ರ ಜನವರಿ 2ರಂದು ಸ್ಕಾಟ್ಲೆಂಡಿನ ಪರ್ತ್‌ಶೈರ್ ಪ್ರಾಂತದ ಬಡ ಕುಟುಂಬವೊಂದರಲ್ಲಿ ಜನಿಸಿದರು. ಎಳವೆಯಲ್ಲೇ ಶಾಲೆ ಬಿಟ್ಟ ಅವರು ಗಿರಣಿಯಂತ್ರಗಳ ಕೆಲಸ, ಚಹಾ ವ್ಯಾಪಾರ, ಹೋಟೆಲು, ವಿಮೆ ಎಂದು ವೃತ್ತಿಯಿಂದ ವೃತ್ತಿಗೆ ಅಲೆದರು. 1859ರಲ್ಲಿ ಗ್ಲಾಸ್ಗೋದ ಆಂಡರ್ಸನ್ ವಿದ್ಯಾಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಕಾವಲುಗಾರರಾದರು. ಸಂಬಳ ಅಲ್ಪವಾದರೂ ಅಲ್ಲಿನ ಗ್ರಂಥಭಂಡಾರವೇ ಅವರಿಗೆ ವಿಶ್ವವಿದ್ಯಾನಿಲಯವಾಯಿತು.

1864ರಲ್ಲಿ ಅವರು ಹಿಮಯುಗದ ಕಾರಣವನ್ನು ಕುರಿತ ಪ್ರಬಂಧವನ್ನು ಪ್ರಕಟಿಸಿದರು. ಭೂಕಕ್ಷೆಯ ಆಕಾರ ನಿಧಾನವಾಗಿ ಬದಲಾಗುತ್ತದೆ. ಅದರಿಂದ ಹಿಮ ಹೆಚ್ಚಿದಾಗ ಬಿಳಿಯ ನೆಲ ಬಿಸಿಲನ್ನು ಹಿಂದಿರುಗಿಸುತ್ತದೆ. ಗಾಳಿಗಳು ಮಾರ್ಪಟ್ಟು, ಉಷ್ಣವಲಯದ ಶಾಖವನ್ನು ಹೊತ್ತೊಯ್ಯುವ ಸಾಗರಪ್ರವಾಹಗಳು ದಾರಿ ಬದಲಿಸುತ್ತವೆ. ಚಳಿ ಮತ್ತಷ್ಟು ಬಲಿಯುತ್ತದೆ. ಇದು ಅವರ ವಾದದ ತಿರುಳು. 1867ರಲ್ಲಿ ಅವರು ಸ್ಕಾಟ್ಲೆಂಡಿನ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿದರು. 1875ರಲ್ಲಿ ಅವರ ಮಹಾಗ್ರಂಥ ಹೊರಬಂದಿತು. ಮರುವರ್ಷ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಆದರೆ ಅವರ ಗಣನೆಯಂತೆ ಹಿಮಯುಗ ಸುಮಾರು 80,000 ವರ್ಷಗಳ ಹಿಂದೆಯೇ ಮುಗಿದಿರಬೇಕಿತ್ತು. ನೆಲದ ಸಾಕ್ಷ್ಯ ಅದನ್ನು ಒಪ್ಪಲಿಲ್ಲ. 1890ರಲ್ಲಿ ಅವರು ತೀರಿಕೊಂಡ ಬಳಿಕ ಸಿದ್ಧಾಂತವೂ ಮೂಲೆಗೆ ಸರಿಯಿತು. ಮುಂದೆ ಸರ್ಬಿಯದ ಮಿಲಂಕೊವಿಚ್, ನಿರ್ಣಾಯಕವಾದುದು ಚಳಿಗಾಲವಲ್ಲ, ತಂಪಾದ ಬೇಸಗೆ ಎಂದು ಅದನ್ನು ತಿದ್ದಿ ಬೆಳೆಸಿದರು. 1976ರಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ತಳದಿಂದ ತೆಗೆದ ಕೆಸರಿನ ಪದರಗಳು ಕಕ್ಷೆಗೂ ಹಿಮಯುಗಗಳಿಗೂ ಇರುವ ನಂಟನ್ನು ತೋರಿಸಿಕೊಟ್ಟವು.

ಸುಮಾರು 20,000 ವರ್ಷಗಳ ಹಿಂದೆ ಜಗತ್ತಿನ ಕಡಲಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ನೆಕ್ರಾಜೆಯ ಪಡುವಣ ದಿಕ್ಕಿನ ಅರಬ್ಬೀ ಕಡಲೂ ಅಂದು ಬಹುದೂರ ಹಿಂದೆ ಸರಿದಿತ್ತು. ಆ ಕಡಲಿನ ಸ್ವರೂಪವನ್ನು ಇಂದು ಗಣಕಯಂತ್ರಗಳಿಂದ ಅರಿಯಲು ಹೊರಟವರೆಲ್ಲರೂ ಕಾವಲುಗಾರನೊಬ್ಬ ತೆರೆದ ದಾರಿಯಲ್ಲೇ ನಡೆಯುತ್ತಿದ್ದಾರೆ.