ಬುದ್ಧಿಯನ್ನಳೆದ ಬಿನೆ

ಬ್ಯಾಂಕಿನಲ್ಲಿ ಕುಳಿತು ಅಂಕೆ ಕೂಡಿಸುವ ನಮಗೂ ಮನಶ್ಶಾಸ್ತ್ರಕ್ಕೂ ಎಲ್ಲಿಯ ನಂಟು ಎಂದು ವಾಚಕರು ಕೇಳಬಹುದು. ಅಂಕಪಟ್ಟಿ ಮನೆಗೆ ಬಂದ ದಿನ ಒಬ್ಬ ಮಗನನ್ನು ಜಾಣನೆಂದೂ ಇನ್ನೊಬ್ಬನನ್ನು ದಡ್ಡನೆಂದೂ ತೀರ್ಮಾನಿಸಿಬಿಡುವ ತಂದೆತಾಯಿಗಳಲ್ಲಿ ನಾವೂ ಸೇರಿದವರು. ಆದುದರಿಂದಲೇ, ಬುದ್ಧಿಗೆ ಅಳತೆಗೋಲನ್ನು ಮಾಡಿಕೊಟ್ಟ ಫ್ರೆಂಚ್ ಮಹನೀಯನೊಬ್ಬನ ಚರಿತ್ರೆ ನಮ್ಮ ಮನಸ್ಸನ್ನು ಹಿಡಿಯಿತು.

ಆಲ್‌ಫ್ರೆಡ್ ಬಿನೆ 1857ನೆಯ ಇಸವಿ ಜುಲೈ ತಿಂಗಳಲ್ಲಿ ನೀಸ್ ನಗರದಲ್ಲಿ ಜನಿಸಿದನು. ನ್ಯಾಯಶಾಸ್ತ್ರದ ಪದವಿ ಪಡೆದರೂ ವಕೀಲಿ ರುಚಿಸಲಿಲ್ಲ. ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು, ಗುರುವಿಲ್ಲದೆ ಮನಶ್ಶಾಸ್ತ್ರವನ್ನು ಓದಿಕೊಂಡನು. ಮುಂದೆ ಪ್ರಸಿದ್ಧ ವೈದ್ಯ ಶಾರ್ಕೋನ ಆಸ್ಪತ್ರೆಯನ್ನು ಸೇರಿ, ಸಂಮೋಹನಕ್ಕೊಳಗಾದ ರೋಗಿಯ ಲಕ್ಷಣಗಳನ್ನು ಅಯಸ್ಕಾಂತವು ಮೈಯ ಒಂದು ಪಕ್ಕದಿಂದ ಇನ್ನೊಂದಕ್ಕೆ ಸರಿಸುವುದೆಂದು ಸಾರಿದನು. ಅದು ಅಯಸ್ಕಾಂತದ ಮಹಿಮೆಯಲ್ಲ, ಪರೀಕ್ಷಕರೇ ಅರಿಯದೆ ಕೊಟ್ಟ ಸೂಚನೆಯ ಫಲವೆಂದು ಬೆಲ್ಜಿಯಮ್ಮಿನ ದೆಲ್‌ಬೋಫ್ ತೋರಿಸಿಕೊಟ್ಟನು. ಬಿನೆ ತಪ್ಪನ್ನು ಒಪ್ಪಿಕೊಂಡನು.

ಬಳಿಕ ಆತನ ಗಮನ ತನ್ನ ಮನೆಯತ್ತಲೇ ತಿರುಗಿತು. ಮದ್‌ಲೆನ್, ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳು. ಒಬ್ಬಳದು ಸ್ಥಿರವಾದ ನೋಟ, ಇನ್ನೊಬ್ಬಳದು ಕಲ್ಪನೆಯ ಓಟ. ಒಂದೇ ಮನೆಯ ಅನ್ನ ಉಂಡವರ ಬುದ್ಧಿಯೂ ಎರಡು ಬಗೆಯೆಂಬುದನ್ನು ಆತನು ವರ್ಷಗಟ್ಟಲೆ ಗುರುತು ಹಾಕಿಕೊಂಡನು.

ಅಸಾಧಾರಣ ಬುದ್ಧಿಯವರನ್ನೂ ಬಿನೆ ಪರೀಕ್ಷಿಸಿದನು. ಕುರಿ ಕಾಯುತ್ತಿದ್ದ ಇನೋದಿ ಎಂಬವನು ದೊಡ್ಡ ಲೆಕ್ಕಗಳನ್ನು ಬಾಯಲ್ಲೇ ಬಿಡಿಸಿ ಹೆಸರಾಗಿದ್ದನು. ಬಿನೆ ಅವನೆದುರು ಪ್ಯಾರಿಸಿನ ದೊಡ್ಡ ಅಂಗಡಿಯೊಂದರ ಕ್ಯಾಷಿಯರುಗಳನ್ನು ನಿಲ್ಲಿಸಿದನು. ಸಣ್ಣ ಗುಣಾಕಾರಗಳಲ್ಲಿ, ವರ್ಷಗಟ್ಟಲೆ ಪಳಗಿದ ಕ್ಯಾಷಿಯರುಗಳಲ್ಲಿ ಉತ್ತಮನಾದವನೇ ಇನೋದಿಗಿಂತ ಮುಂದು! ಬಹಳ ದೊಡ್ಡ ಸಂಖ್ಯೆಗಳು ಬಂದಾಗ ಮಾತ್ರ ಇನೋದಿಯದೇ ಗೆಲುವು. ಪ್ರತಿಭೆ ಎಷ್ಟು, ಅಭ್ಯಾಸ ಎಷ್ಟು ಎಂಬ ಪ್ರಶ್ನೆ ಹೀಗೆ 1894ರಲ್ಲಿಯೇ ಎದ್ದಿತು. ಇದನ್ನೋದಿದಾಗ ನಮ್ಮ ಕಸುಬಿನ ಬಗ್ಗೆ ನಮಗೆ ತುಸು ಹೆಮ್ಮೆಯಾಯಿತೆಂಬುದನ್ನು ಮುಚ್ಚಿಡಲಾರೆವು.

ಫ್ರಾನ್ಸಿನಲ್ಲಿ 1882ರಿಂದ ಶಿಕ್ಷಣ ಕಡ್ಡಾಯವಾಗಿದ್ದಿತು. ತರಗತಿಯ ಪಾಠ ಹತ್ತದ ಮಕ್ಕಳ ಗತಿಯೇನೆಂದು ವಿಚಾರಿಸಲು ಸರಕಾರವು 1904ರಲ್ಲಿ ಸಮಿತಿಯೊಂದನ್ನು ರಚಿಸಿತು. ಬಿನೆ ಅದರ ಸದಸ್ಯನು. ತರುಣ ವೈದ್ಯ ಸಿಮೋನನ ನೆರವಿನಿಂದ ಆತನು 1905ರಲ್ಲಿ 30 ಪರೀಕ್ಷೆಗಳ ಮಾಲೆಯನ್ನು ಹೊರತಂದನು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು ಮೊದಲನೆಯದು; ಸೂಕ್ಷ್ಮಾರ್ಥದ ಪದಗಳ ಭೇದವನ್ನು ಹೇಳುವುದು ಕೊನೆಯದು. 1908ರಲ್ಲಿ ಅವನ್ನು ವಯಸ್ಸಿಗನುಸಾರವಾಗಿ ಜೋಡಿಸಿದನು. ಹಿಂದುಳಿದ ಮಗುವಿಗೆ ತಕ್ಕ ಪಾಠ ಒದಗಿಸುವುದೇ ಉದ್ದೇಶವಾಗಿತ್ತು. ಬುದ್ಧಿಯು ಬೆಳೆಯದ ವಸ್ತುವೆಂಬ ಮಾತನ್ನು 1909ರ ಗ್ರಂಥದಲ್ಲಿ ಖಂಡಿಸಿ, ಗಮನ, ನೆನಪುಗಳಿಗೆ ವ್ಯಾಯಾಮಗಳನ್ನೂ ಸೂಚಿಸಿದನು.

1911ರ ಅಕ್ಟೋಬರ್ 18ರಂದು, 54ನೆಯ ವಯಸ್ಸಿನಲ್ಲಿ ಬಿನೆ ತೀರಿಕೊಂಡನು. ಮರುವರ್ಷವೇ ಜರ್ಮನಿಯ ಸ್ಟರ್ನ್ ಬುದ್ಧಿಯನ್ನು ಒಂದೇ ಅಂಕೆಗಿಳಿಸುವ ಸೂತ್ರವನ್ನು ಸೂಚಿಸಿದನು. ಅಮೇರಿಕದಲ್ಲಿ ಕೆಲವರು ಆ ಅಳತೆಯನ್ನು ಹುಟ್ಟಿನ ಹಣೆಬರಹವೆಂದು ಬಗೆದರು. ಬುದ್ಧಿ ಕಡಿಮೆಯೆಂಬ ಹಣೆಪಟ್ಟಿ ಬಿದ್ದವರಿಗೆ ಸಂತಾನವಾಗದಂತೆ ಬಲವಂತದ ಶಸ್ತ್ರಕ್ರಿಯೆ ಮಾಡಿಸಿದ ರಾಜ್ಯಗಳೂ ಅಲ್ಲಿದ್ದವು. ಆಸರೆಗೆಂದು ಮಾಡಿದ ಕೋಲು ಹೀಗೆ ದಂಡವಾಯಿತು.

ನಮ್ಮಲ್ಲಿ ವಿ. ವಿ. ಕಾಮತರು ಈ ಪರೀಕ್ಷೆಗಳನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿ, 1940ರಲ್ಲಿ ಆ ಶ್ರಮವನ್ನು ಗ್ರಂಥರೂಪಕ್ಕೆ ತಂದರು. ಮಗುವನ್ನು ಅದರ ಮಾತಿನಲ್ಲಿಯೇ ಕೇಳಬೇಕೆಂಬ ಈ ವಿವೇಕ ಹೊರನಾಡಿನ ಕನ್ನಡಿಗರಾದ ನಮಗೆ ಹೆಚ್ಚಾಗಿ ಬೇಕು. ಪರಭಾಷೆಯ ತರಗತಿಯಲ್ಲಿ ತಡವರಿಸುವ ಹುಡುಗನಿಗೆ ಬುದ್ಧಿ ಕಡಿಮೆಯೋ, ಮಾತು ಕಡಿಮೆಯೋ? ನಮ್ಮ ಕಿರಿಯ ಮಗನ ವಿಷಯದಲ್ಲಿ ಈ ಪ್ರಶ್ನೆಯನ್ನು ನಾವು ಎರಡು ವರ್ಷ ತಡವಾಗಿ ಕೇಳಿಕೊಂಡೆವು.

ಪಾಸ್‌ಬುಕ್ಕಿನಲ್ಲಿ ಕಾಣುವುದು ಆ ದಿನದ ಶಿಲ್ಕು ಮಾತ್ರ. ನಾಳೆ ಜಮಾ ಆಗುವುದನ್ನು ಯಾವ ಗುಮಾಸ್ತನೂ ಇಂದೇ ಬರೆಯಲಾರನು. ಮಗುವಿನ ಅಂಕೆಯನ್ನೂ ಹಾಗೆಯೇ ಓದೋಣ.